ಕವಳಿ ಹಣ್ಣಿನ ಆರು ವಾರ

ಏಪ್ರಿಲ್ ಅರ್ಧ ಕಳೆಯುತ್ತಿದ್ದಂತೆ ಕಸಾರಾ, ಕರ್ಜತ್ ಕಡೆಯ ಬೆಳಗಿನ ಲೋಕಲ್‌ಗಳಲ್ಲಿ ಬಿದಿರು ಬುಟ್ಟಿಗಳು ಬರತೊಡಗುತ್ತವೆ. ಬುಟ್ಟಿಯ ಬಾಯಿಗೆ ಮುತ್ತುಗದ ಎಲೆಯೋ ಸಾಗವಾನಿ ಎಲೆಯೋ ಮುಚ್ಚಿರುತ್ತದೆ. ಕಲ್ಯಾಣ, ಡೊಂಬಿವಲಿ, ಠಾಣೆ ಸ್ಟೇಷನ್ನಿನ ಹೊರಗೆ ಆ ಎಲೆ ಸರಿಸಿದರೆ ಒಳಗೆ ಮಿರಮಿರ ಮಿಂಚುವ ಕಪ್ಪು ಹಣ್ಣು. ‘ಡೊಂಗರಚೀ ಕಾಳೀ ಮೈನಾ’ ಅಂತ ಕೂಗುತ್ತಾರೆ. ಗುಡ್ಡದ ಕಪ್ಪು ಮೈನಾ! ಆ ಕೂಗಿಗೆ ಡೊಂಬಿವಲಿಯ ಕನ್ನಡಿಗರೂ ನಿಲ್ಲುತ್ತಾರೆ, ಆದರೆ ಒಬ್ಬೊಬ್ಬರು ಒಂದೊಂದು ಹೆಸರಿಗೆ ನಿಲ್ಲುತ್ತಾರೆ. ಶಿರಸಿ ಕಡೆಯವರಿಗೆ ಅದು ಕವಳಿ ಹಣ್ಣು, ಮಂಗಳೂರಿನವರಿಗೆ ಕರಂಡೆ, ಧಾರವಾಡದವರಿಗೆ ಕವಳಿಕಾಯಿ. ಮರಾಠಿಯಲ್ಲಿ ಕರವಂದ, ಗೋವಾದ ಕೊಂಕಣಿಯಲ್ಲಿ ಕಾಂಟಾಂ. ಹೆಸರು ಐದಾದರೂ ಮುಳ್ಳು ಒಂದೇ.

ಇದೇ ಮುಂಬೈ, ಪುಣೆಯ ದೊಡ್ಡ ಅಂಗಡಿಗಳಲ್ಲಿ ಈಗ ವರ್ಷವಿಡೀ ಬ್ಲೂಬೆರಿ ಸಿಗುತ್ತದೆ. 125 ಗ್ರಾಮಿನ ಪ್ಲಾಸ್ಟಿಕ್ ಡಬ್ಬಿ, ಒಳಗೆ ಎಲ್ಲವೂ ಒಂದೇ ಗಾತ್ರ, ಒಂದೇ ಬಣ್ಣ. ಬಹುಪಾಲು ಪೆರು, ಚಿಲಿ ಕಡೆಯಿಂದ ಬಂದದ್ದು. ಆ ಗಿಡಕ್ಕೆ 4.5ರಿಂದ 5.5 ಪಿಎಚ್‌ನ ಹುಳಿಮಣ್ಣು ಬೇಕು, ಸಾಮಾನ್ಯವಾಗಿ ಚಳಿಗಾಲದ ಒಳ್ಳೆಯ ಚಳಿಯೂ ಬೇಕು. ಅಮೆರಿಕದ ಮೇನ್ ರಾಜ್ಯದ ಬಯಲಲ್ಲಿ ಮೊಣಕಾಲೆತ್ತರಕ್ಕೂ ಬಾರದ ಕಾಡು ಬ್ಲೂಬೆರಿಯನ್ನು ಹಲ್ಲುಹಲ್ಲಿನ ಬಾಚಣಿಗೆಯಂಥ ಮೊರದಿಂದ ಬಾಚಿ ತೆಗೆಯುತ್ತಾರೆ. ಮುಳ್ಳಿಲ್ಲ, ಅಂಟುವ ಹಾಲಿಲ್ಲ, ಒಮ್ಮೆ ಬಾಚಿದರೆ ಹಿಡಿ ತುಂಬಾ ಹಣ್ಣು. ಸಹ್ಯಾದ್ರಿಯ ಕವಳಿಯನ್ನು ಹಾಗೆ ಬಾಚಲು ಹೋದರೆ ಕೈಯೂ ಉಳಿಯದು, ಹಣ್ಣೂ ಉಳಿಯದು. ಅದಕ್ಕೆ ಕಾರಣ ಮುಳ್ಳೊಂದೇ ಅಲ್ಲ, ಗೊಂಚಲಿನ ಸ್ವಭಾವವೂ ಹೌದು. ಒಂದೇ ಗೊಂಚಲಲ್ಲಿ ಹಸಿರು ಕಾಯಿ, ಕೆಂಪು ತಿರುಗಿದ ದೋರೆಗಾಯಿ, ಕಪ್ಪು ಹಣ್ಣು ಮೂರೂ ಒಟ್ಟಿಗೆ ತೂಗುತ್ತಿರುತ್ತವೆ. ಎಲ್ಲ ಒಮ್ಮೆಗೇ ಹಣ್ಣಾಗು ಎಂದರೆ ಈ ಗಿಡ ಕೇಳುವುದಿಲ್ಲ. ಈ ಬರಹ ಪೂರ್ತಿ ಆ ಮೂರು ಬಣ್ಣಗಳ ಸುತ್ತವೇ ಇದೆ. ಕೀಳುವುದು, ಕೊಳ್ಳುವುದು, ಅಡುಗೆ ಮಾಡುವುದು ಎಲ್ಲವೂ ಅದನ್ನು ಅರಿತರೆ ಮಾತ್ರ ಸರಿಹೋಗುತ್ತದೆ.

ಮಹಾಬಳೇಶ್ವರ, ಪಾಂಚಗಣಿಯ ಸ್ಟ್ರಾಬೆರಿಯದು ಬೇರೆ ಕಥೆ. ಅದು ಬೇಸಾಯ. ಮಳೆ ಹಿಂದೆ ಸರಿಯುವಾಗ ಸಸಿ ನೆಟ್ಟು, ಏರುಮಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹನಿ ನೀರು ಕೊಟ್ಟು ತೆಗೆಯುವ ಬೆಳೆ. 2010ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಕವಳಿಗೆ ಯಾರೂ ಮಡಿ ಕಟ್ಟಲಿಲ್ಲ. ಲೋಣಾವಳಾ, ಮುಳಶಿ, ತಾಮ್ಹಿಣಿ, ಭೋರ್ ಕಡೆಯ ಬಂಡೆ ಇಳಿಜಾರಿನಲ್ಲಿ, ಕೊಂಕಣ ಮತ್ತು ಗೋವಾದ ‘ಸಡಾ’ ಎನ್ನುವ ಕೆಂಪು ಮುರಕಲ್ಲಿನ ಬಯಲಿನಲ್ಲಿ, ಬೇರೆ ಗಿಡ ಬೇರು ಬಿಡಲು ಹಿಂದೆಗೆಯುವ ಕಡೆ ಅದು ತಾನಾಗಿ ಪೊದೆಯಾಗುತ್ತದೆ. ಉತ್ತರ ಕನ್ನಡದಲ್ಲಿ ಕವಳಿಮಟ್ಟಿ, ಮರಾಠಿಯಲ್ಲಿ ಕರವಂದಾಚೀ ಜಾಳೀ. ದನ, ಮೇಕೆ ಒಳಗೆ ಬಾಯಿ ಹಾಕಲಾರವು. ಹಾಗಾಗಿ ಆ ಜಾಳಿಯ ನಡುವೆ ಬಿದ್ದ ಬೇರೆ ಮರಗಳ ಬೀಜಗಳು ನಿಶ್ಚಿಂತೆಯಿಂದ ಮೊಳೆತು ಮೇಲೇಳುತ್ತವೆ. ಬೋಳು ಗುಡ್ಡದ ಮೇಲೆ ಒಂಟಿಯಾಗಿ ನಿಂತ ಮರದ ಬುಡ ನೋಡಿ, ಎಷ್ಟೋ ಕಡೆ ಸುತ್ತ ಹಳೆಯ ಕವಳಿಮಟ್ಟಿ ಇರುತ್ತದೆ. ‘ಮುಳ್ಳುಕಂಟಿ ತೆಗೆದು ಸ್ವಚ್ಛ ಮಾಡುತ್ತೇವೆ’ ಎಂದು ಗಿಡ ನೆಡುವ ಕಾರ್ಯಕ್ರಮಗಳಲ್ಲಿ ಮೊದಲು ಇದನ್ನೇ ಕಡಿಯುವುದು ಕಂಡಾಗ ಸಂಕಟವಾಗುತ್ತದೆ. ಮರಕ್ಕೆ ಸಾಕುತಾಯಿ ಆಗಿದ್ದ ಗಿಡವನ್ನೇ ಕಡಿದು, ಅದೇ ಜಾಗದಲ್ಲಿ ಸಸಿಗೆ ತಂತಿಬೇಲಿ ಹಾಕುತ್ತಾರೆ.

ಗುರುತು ಹಿಡಿಯುವುದು ಕಷ್ಟವಲ್ಲ, ಆದರೆ ಅವಸರ ಬೇಡ. ಆಳೆತ್ತರದ, ವರ್ಷವಿಡೀ ಹಸಿರಾಗಿರುವ ಪೊದೆ. ದಪ್ಪ ಚರ್ಮದಂಥ ಎಲೆಗಳು ಎದುರುಬದುರು ಜೋಡಿಯಾಗಿ ಇರುತ್ತವೆ. ಮುಳ್ಳೂ ಜೋಡಿ, ಕೆಲವೊಮ್ಮೆ ತುದಿ ಕವಲೊಡೆದಿರುತ್ತದೆ. ಚಳಿಗಾಲದ ಕೊನೆಗೆ ರೆಂಬೆಯ ತುದಿಯಲ್ಲಿ ಮಲ್ಲಿಗೆಯಂಥ ಬಿಳಿ ಹೂ, ವಾಸನೆಯೂ ಹೆಚ್ಚುಕಡಿಮೆ ಹಾಗೆಯೇ. ಎಲೆ ಮುರಿದರೂ ಕಾಯಿ ಕಿತ್ತರೂ ಬಿಳಿ ಹಾಲು. ಕವಳಿ ಕಣಗಿಲೆಯ ಕುಟುಂಬದ ಗಿಡ ಎಂಬುದನ್ನು ಇಲ್ಲಿ ನೆನಪಿಡಬೇಕು. ಕಣಗಿಲೆಯ ಹಾಲು ವಿಷ. ಕವಳಿಯ ಕಪ್ಪು ಹಣ್ಣು ತಿನ್ನುವಂಥದ್ದು ನಿಜ, ಆದರೆ ‘ಹಾಲು ಬಂದರೂ ಏನೂ ಆಗುವುದಿಲ್ಲ’ ಎಂಬ ಧೈರ್ಯವನ್ನು ಗುಡ್ಡದ ಬೇರೆ ಗಿಡಗಳ ಮೇಲೆ ಪ್ರಯೋಗಿಸಬಾರದು. ಚಾರಣಕ್ಕೆ ಹೋದವರು ತಿಳಿದವರಿಗೆ ತೋರಿಸಿಯೇ ಬಾಯಿಗಿಡಲಿ.

ಇನ್ನು ಕೀಳುವ ಕೆಲಸ. ರಾಯಗಡ, ಠಾಣೆ, ಪುಣೆ ಜಿಲ್ಲೆಗಳ ಘಟ್ಟದಲ್ಲಿ ಹೆಚ್ಚಾಗಿ ಕಾತಕರಿ, ಠಾಕರ, ಮಹಾದೇವ ಕೋಳಿ ಸಮುದಾಯದ ಹೆಂಗಸರು ಮತ್ತು ಮಕ್ಕಳು ಕೀಳುತ್ತಾರೆ. ಬಿಸಿಲೇರುವ ಮೊದಲೇ ಗುಡ್ಡ ಹತ್ತಬೇಕು, ಏಕೆಂದರೆ ಕಾದ ಹಣ್ಣು ಮೆತ್ತಗಾಗಿ ಬುಟ್ಟಿಯಲ್ಲೇ ಒಡೆಯುತ್ತದೆ. ಕೈ ಹಾಕುವ ಮುನ್ನ ಕೋಲಿನಿಂದ ಪೊದೆಯ ಬುಡ ಬಡಿಯುವುದು ಮೊದಲ ಪಾಠ. ಮುರಕಲ್ಲಿನ ಬಯಲಿನಲ್ಲಿ ಗರಗಸ ಮಂಡಲದ ಹಾವು ಕಲ್ಲಿನ ಸಂದಿಯಲ್ಲೂ ಪೊದೆಯ ನೆರಳಲ್ಲೂ ಮಲಗಿರುತ್ತದೆ. ಅಂಗೈ, ಬೆರಳಿಗೆ ಕೊಬ್ಬರಿಎಣ್ಣೆ ಸವರಿಕೊಳ್ಳಬೇಕು. ಇಲ್ಲದಿದ್ದರೆ ಹಾಲು ಒಣಗಿ ಕಪ್ಪು ಪೊರೆಯಾಗಿ ಕೂತುಬಿಡುತ್ತದೆ, ಸೋಪಿಗೆ ಬಗ್ಗುವುದಿಲ್ಲ. ತೋಳು ತುಂಬ ಹಳೆಯ ಬಟ್ಟೆ ಇರಲಿ, ಆ ಹಾಲಿನ ಕಲೆ ಬಟ್ಟೆಯಿಂದ ಹೋಗದು.

ಹಣ್ಣನ್ನು ಎಳೆಯಬಾರದು. ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಬೇಕು. ಬಲಿತು ಹಣ್ಣಾದದ್ದು ಅಷ್ಟಕ್ಕೇ ತೊಟ್ಟಿನಿಂದ ಬಿಡಿಸಿಕೊಳ್ಳುತ್ತದೆ, ತೊಟ್ಟಿನ ಜಾಗ ಒಣಗಿರುತ್ತದೆ. ತಿರುಗಿಸಿದರೂ ಬಾರದೆ ತೊಟ್ಟಲ್ಲಿ ಬಿಳಿ ಹನಿ ಕಂಡರೆ ಅದಕ್ಕೆ ಇನ್ನೂ ನಾಲ್ಕೈದು ದಿನ ಬೇಕು. ಹೊರಗೆ ಕಪ್ಪಾದದ್ದೆಲ್ಲ ಹಣ್ಣಲ್ಲ. ಬಣ್ಣ ಮೊದಲು ತಿರುಗುತ್ತದೆ, ಒಗರು ಆಮೇಲೆ ಇಳಿಯುತ್ತದೆ. ಕಣ್ಣಿಗೆ ಮೋಸವಾಗಬಹುದು, ಪಳಗಿದ ಬೆರಳಿಗೆ ಆಗುವುದಿಲ್ಲ. ಅನುಭವಸ್ಥರು ಒಂದೇ ಪೊದೆಗೆ ನಾಲ್ಕೈದು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಬರುತ್ತಾರೆ, ಪ್ರತಿ ಸಲವೂ ಕಳಿತದ್ದನ್ನಷ್ಟೇ ಒಯ್ಯುತ್ತಾರೆ. ರಜೆಗೆ ಬಂದ ಪಟ್ಟಣದವರು ರೆಂಬೆಯನ್ನೇ ಮುರಿದು ಕಾರಿಗೆ ಹಾಕಿಕೊಂಡು ಹೋಗುವುದುಂಟು. ಆ ರೆಂಬೆಯಲ್ಲಿ ಮುಂದಿನ ಮೂರು ಸುತ್ತಿನ ಹಣ್ಣೂ ಹೋಯಿತು, ಬರುವ ವರ್ಷ ಹೂ ಬಿಡಬೇಕಿದ್ದ ಕುಡಿಯೂ ಹೋಯಿತು.

ಸೊಂಟಕ್ಕೆ ಕಟ್ಟಿಕೊಂಡ ಸಣ್ಣ ಡಬ್ಬಿಯಲ್ಲಿ ಕಿತ್ತು, ತುಂಬಿದಾಗ ಎಲೆ ಹಾಸಿದ ಬುಟ್ಟಿಗೆ ಸುರಿಯುತ್ತಾರೆ. ಬುಟ್ಟಿ ಅಗಲ ಇರಬೇಕು, ಆಳ ಇರಬಾರದು. ಗೇಣಿಗಿಂತ ಹೆಚ್ಚು ತುಂಬಿದರೆ ತಳದ ಹಣ್ಣು ಜಜ್ಜಿ ರಸ ಬಿಟ್ಟು ಮೇಲಿನದನ್ನೂ ಹುಳಿ ಬರಿಸುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರಂತೂ ಬೆವತು ಸಂಜೆಗೇ ಬೂಸ್ಟು. ಎಲೆಯ ದೊನ್ನೆಯಲ್ಲಿ ಗಾಳಿ ಆಡುತ್ತದೆ, ತೇವ ಹೀರುತ್ತದೆ. ನೋಡಲು ಚೆಂದ ಎಂದು ಎಲೆಯಲ್ಲಿ ಕೊಡುತ್ತಾರೆ ಎಂದುಕೊಳ್ಳಬೇಡಿ, ಅದು ಹಣ್ಣಿನ ಬಾಳಿಕೆಯ ಲೆಕ್ಕ. ಅಷ್ಟು ಜೋಪಾನ ಮಾಡಿದರೂ ಹೊರಗಿಟ್ಟರೆ ಎರಡು ಮೂರು ದಿನ, ಅಷ್ಟೇ.

ಕಾಡಿನ ಹಣ್ಣು ಒಂದಕ್ಕೆ 2 ಗ್ರಾಂ ಎಂದೇ ಹಿಡಿಯೋಣ. ಒಂದು ಕಿಲೋಗೆ 500 ಹಣ್ಣು. 500 ಸಲ ಮುಳ್ಳಿನ ನಡುವೆ ಕೈ ಹೋಗಿ ಬರಬೇಕು, 500 ಸಲ ಇದು ಕಳಿತಿದೆಯೇ ಎಂದು ಬೆರಳು ತೀರ್ಮಾನಿಸಬೇಕು. ಆಮೇಲೆ ಇಳಿಜಾರು, ಆಮೇಲೆ ರೈಲು. ಪುಣೆಯ ಮಂಡಈ ಮಾರುಕಟ್ಟೆಯ ಹೊರಗೆ, ದಾದರಿನ ಫುಟ್‌ಪಾತಿನಲ್ಲಿ ‘ಮಾವಶೀ, ಇನ್ನೊಂದು ಹಿಡಿ ಹಾಕಿ’ ಎನ್ನುವ ಮೊದಲು ಈ ಲೆಕ್ಕ ಮನಸ್ಸಿಗೆ ಬಂದರೆ ಸಾಕು. ಅವರು ಕೊಟ್ಟ ಹಣ್ಣಿಗಿಂತ ಬಿಟ್ಟುಬಂದ ಕಾಯಿಗೆ ಹೆಚ್ಚು ಬೆಲೆ ಇದೆ, ಏಕೆಂದರೆ ಮುಂದಿನ ವಾರದ ದೊನ್ನೆ ಅದರಲ್ಲೇ ಇದೆ.

ಕೊಳ್ಳುವಾಗ ತೊಟ್ಟು ನೋಡಿ. ತೊಟ್ಟಿನ ಜಾಗದಲ್ಲಿ ಬಿಳಿ ಹಾಲು ಹೆಪ್ಪುಗಟ್ಟಿದ್ದರೆ ಅವಸರದಲ್ಲಿ ಕಿತ್ತದ್ದು, ತುಟಿಗೆ ಅಂಟುತ್ತದೆ. ನಡುನಡುವೆ ಕೆಂಪು ದೋರೆಗಾಯಿ ಬಂದಿದ್ದರೆ ಬೇಸರ ಬೇಡ, ಚಟ್ನಿಗೆ ಎತ್ತಿಡಿ. ತುಸು ಸುಕ್ಕುಗಟ್ಟಿದ್ದು ನಿನ್ನೆಯದು, ಸಿಹಿ ಹೆಚ್ಚು, ಅವತ್ತೇ ತಿನ್ನಬೇಕು. ದೊನ್ನೆಯ ತಳ ಒದ್ದೆಯಾಗಿದ್ದರೆ ಬೇಡ. ಮನೆಗೆ ತಂದಮೇಲೆ ತೊಳೆದು ಫ್ರಿಜ್ಜಿನಲ್ಲಿ ಇಡುವುದು ಎಲ್ಲರೂ ಮಾಡುವ ತಪ್ಪು. ತೊಳೆದ ಹಣ್ಣು ತೊಟ್ಟಿನ ಗಾಯದಿಂದ ನೀರು ಕುಡಿದು ಕೊಳೆಯುತ್ತದೆ. ತೊಳೆಯದೆ ಅಗಲ ತಟ್ಟೆಯಲ್ಲಿ ಹರಡಿ ಅರ್ಧ ದಿನ ಬಿಟ್ಟರೆ ಉಳಿದ ಹಾಲೂ ಆರುತ್ತದೆ. ತಿನ್ನುವ ಹೊತ್ತಿಗೆ ಮಾತ್ರ ಉಪ್ಪುನೀರಲ್ಲಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಉಜ್ಜಿ ಬಾಯಿಗೆ. ತುಟಿ ಅಂಟಿದರೆ ನೀರು ಬೇಡ, ಒಂದು ಹನಿ ಕೊಬ್ಬರಿಎಣ್ಣೆ.

ಮರಾಠಿ ಮಕ್ಕಳಿಗೆ ಇದರಲ್ಲೊಂದು ಆಟ ಇದೆ. ಹಣ್ಣು ಮುಷ್ಟಿಯಲ್ಲಿ ಹಿಡಿದು ‘ಕೋಂಬಡಾ ಕೀ ಕೋಂಬಡೀ?’ ಎಂದು ಕೇಳುತ್ತಾರೆ. ಹುಂಜವೋ ಹೇಂಟೆಯೋ? ಕಚ್ಚಿ ನೋಡಿದಾಗ ಒಳಗೆ ಕೆಂಪಿದ್ದರೆ ಹುಂಜ, ಬೆಳ್ಳಗಿದ್ದರೆ ಹೇಂಟೆ. ಡೊಂಬಿವಲಿಯ ಬಿಲ್ಡಿಂಗುಗಳ ಅಂಗಳದಲ್ಲಿ ಕನ್ನಡ ಮನೆಯ ಮಕ್ಕಳು ಕಲಿಯಬಹುದಾದ ಗುಡ್ಡದ ಪಾಠಗಳಲ್ಲಿ ಇದು ಬಲು ಸುಲಭದ್ದು.

ಹಣ್ಣನ್ನು ಮುಗಿಸಿ ಕಾಯಿಗೆ ಬರೋಣ. ಉಪ್ಪಿನಕಾಯಿಗೆ ಹಸಿರು ಕಾಯಿಯೇ ಬೇಕು, ಅದೂ ಏಪ್ರಿಲ್ ಮೊದಲ ವಾರಗಳಲ್ಲಿ ಬರುವ, ಉಗುರು ಚುಚ್ಚಿದರೆ ಕಟ್ ಎನ್ನುವ ಗಟ್ಟಿ ಕಾಯಿ. ಅರ್ಧ ಕಿಲೋ ಕಾಯಿಯನ್ನು ತೊಳೆದು, ಎರಡು ಹೋಳು ಮಾಡಿ, ಬೀಜ ಬಲಿತಿದ್ದರೆ ಚಾಕುವಿನ ತುದಿಯಿಂದ ತೆಗೆದು, ಒಂದು ಹಿಡಿ ಉಪ್ಪು ಹಾಕಿದ ನೀರಲ್ಲಿ ರಾತ್ರಿಯಿಡೀ ಬಿಡಬೇಕು. ಹಾಲು, ಒಗರು ಎರಡೂ ಅಲ್ಲಿ ಇಳಿಯುತ್ತವೆ. ಬೆಳಿಗ್ಗೆ ಸೋಸಿ, ನೆರಳಲ್ಲಿ ಬಟ್ಟೆಯ ಮೇಲೆ ಹರಡಿ ಮೂರು ನಾಲ್ಕು ಗಂಟೆ ಆರಿಸಬೇಕು. ಮುಂಬೈಯ ಗಾಳಿಯಲ್ಲಿ ನೀರಂಶ ಜಾಸ್ತಿ, ಅಲ್ಲಿ ಫ್ಯಾನಿನ ಕೆಳಗೆ ಆರೇಳು ಗಂಟೆ ಬಿಡುವುದು ಒಳ್ಳೆಯದು. ಪುಣೆಯ ಒಣ ಗಾಳಿಯಲ್ಲಿ ಅಷ್ಟು ಬೇಡ. ಆಮೇಲೆ 80 ಗ್ರಾಂ ಉಪ್ಪು, ಮೂರು ದೊಡ್ಡ ಚಮಚ ಬ್ಯಾಡಗಿ ಖಾರದ ಪುಡಿ, ಎರಡು ದೊಡ್ಡ ಚಮಚ ಸಾಸಿವೆ ಪುಡಿ, ಹುರಿದು ಕುಟ್ಟಿದ ಮೆಂತ್ಯ ಅರ್ಧ ಚಮಚ, ಇಂಗು, ಅರಿಸಿನ. 150 ಮಿಲಿ ಎಳ್ಳೆಣ್ಣೆ ಕಾಯಿಸಿ, ಪೂರ್ತಿ ತಣಿಸಿ ಮೇಲೆ ಸುರಿಯಬೇಕು. ಬಿಸಿ ಎಣ್ಣೆ ಹಾಕಿದರೆ ಹೋಳು ಬೆಂದು ಮೆತ್ತಗಾಗುತ್ತದೆ, ಕವಳಿಯ ಕಟುಕುಟು ಹೋದರೆ ಉಪ್ಪಿನಕಾಯಿ ಹೋದ ಹಾಗೆಯೇ. ಬೂಸ್ಟು ಬಂದರೆ ಮೊದಲು ನೀರಂಶವನ್ನು ಸಂಶಯಿಸಿ, ಆಮೇಲೆ ಉಪ್ಪನ್ನು. ಎಣ್ಣೆ ಹೋಳಿನ ಮೇಲೆ ಒಂದು ಬೆರಳು ನಿಂತಿರಬೇಕು.

ಕರಾವಳಿಯವರ ದಾರಿ ಇದಕ್ಕಿಂತ ಸರಳ. ಅಪ್ಪೆಮಿಡಿಯಂತೆಯೇ ಇಡೀ ಕಾಯಿಯನ್ನು ಭರಣಿಯಲ್ಲಿ ಕಲ್ಲುಪ್ಪಿನೊಡನೆ ಹಾಕಿಡುವುದು, ನಾಲ್ಕು ಪಾಲು ಕಾಯಿಗೆ ಒಂದು ಪಾಲು ಉಪ್ಪು. ತಾನೇ ಬಿಟ್ಟ ನೀರಲ್ಲಿ ಕಾಯಿ ಮುಳುಗಬೇಕು, ಮೇಲೆ ತೇಲುವುದಾದರೆ ಒಂದು ಸಣ್ಣ ತಟ್ಟೆ ಒತ್ತಿಟ್ಟು ಮುಳುಗಿಸಬೇಕು. ಮಳೆಗಾಲದ ಗಂಜಿ ಊಟಕ್ಕೆ ನಾಲ್ಕು ಕಾಯಿ ತೆಗೆದು ಹಸಿಮೆಣಸು, ತೆಂಗಿನಕಾಯಿ ಜತೆ ರುಬ್ಬಿದರೆ ಬೇರೆ ಪದಾರ್ಥ ಬೇಡ.

ಕವಳಿಯಲ್ಲಿ ಪೆಕ್ಟಿನ್ ಹೇರಳ. ಆದ್ದರಿಂದ ಜಾಮ್ ಗಟ್ಟಿಯಾಗಲು ಹೊರಗಿನಿಂದ ಏನೂ ಸೇರಿಸಬೇಕಿಲ್ಲ. ಆದರೆ ಹಣ್ಣಾಗುತ್ತಾ ಹೋದಂತೆ ಪೆಕ್ಟಿನ್ ಇಳಿಯುತ್ತದೆ, ಹಾಗಾಗಿ ಬರೀ ಕಪ್ಪು ಹಣ್ಣಿನ ಜಾಮ್ ಬಣ್ಣ ಚೆನ್ನಾಗಿ ಬಂದರೂ ಹರಿದಾಡುತ್ತದೆ. ಮತ್ತೆ ಅದೇ ಮೂರು ಬಣ್ಣದ ಲೆಕ್ಕ: ಮುಕ್ಕಾಲು ಕಿಲೋ ಕಪ್ಪು ಹಣ್ಣಿಗೆ ಕಾಲು ಕಿಲೋ ಕೆಂಪು ದೋರೆಗಾಯಿ. ಮುಳುಗುವಷ್ಟೇ ನೀರು ಹಾಕಿ 20 ನಿಮಿಷ ಬೇಯಿಸಿ, ಮರದ ಸೌಟಿನಿಂದ ಮಸೆದು, ಜರಡಿಯಲ್ಲಿ ಒತ್ತಿ ಬೀಜ ಬೇರೆ ಮಾಡಬೇಕು. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಕಹಿ. ನಾಲ್ಕು ಬಟ್ಟಲು ತಿರುಳಿಗೆ ಮೂರು ಬಟ್ಟಲು ಸಕ್ಕರೆ. ಸ್ಟೀಲ್ ಪಾತ್ರೆಯೇ ಇರಲಿ, ಈ ಹುಳಿಗೆ ಅಲ್ಯೂಮಿನಿಯಂ ಕರಗುತ್ತದೆ. ತಣ್ಣನೆಯ ತಟ್ಟೆಗೆ ಒಂದು ಹನಿ ಹಾಕಿ ಬೆರಳಿಂದ ತಳ್ಳಿದಾಗ ಮೇಲ್ಪದರ ಸುಕ್ಕು ಬಿದ್ದರೆ ತಕ್ಷಣ ಇಳಿಸಬೇಕು. ‘ಇನ್ನೂ ತೆಳ್ಳಗಿದೆ’ ಎಂದು ಐದು ನಿಮಿಷ ಜಾಸ್ತಿ ಕಾಯಿಸಿದರೆ ಮರುದಿನ ಅದು ರಬ್ಬರ್. ಪಾತ್ರೆಯ ಅಂಚಿಗೆ ಹಾಲು ಕಟ್ಟಿದ್ದನ್ನು ಉಜ್ಜುವ ಮೊದಲು ಎಣ್ಣೆ ಸವರಿ.

ಕವಳಿ ತಿಂದೇ ಇಲ್ಲ ಎನ್ನುವವರೂ ನಿಜಕ್ಕೂ ತಿಂದಿರುತ್ತಾರೆ. ಬೇಕರಿಯ ಕೇಕಿನ ಮೇಲೆ, ಐಸ್‌ಕ್ರೀಮಿನ ಮೇಲೆ ಕೂರುವ ಕೆಂಪು ‘ಚೆರಿ’ ನಮ್ಮಲ್ಲಿ ಬಹಳ ಮಟ್ಟಿಗೆ ಕವಳಿಕಾಯಿಯೇ, ಟೂಟಿಫ್ರೂಟಿ ಹೇಗೆ ಪಪ್ಪಾಯಿಕಾಯಿಯೋ ಹಾಗೆ. ಬಲಿತ ಕಾಯಿಯ ಬೀಜ ತೆಗೆದು, ಉಪ್ಪು ಮತ್ತು ಗಂಧಕದ ಲವಣದ ನೀರಲ್ಲಿಟ್ಟು ಬಣ್ಣ ತೆಗೆದು, ತೊಳೆದು ಬೇಯಿಸಿ, ಕೆಂಪು ಬಣ್ಣ ಹಾಕಿದ ಸಕ್ಕರೆ ಪಾಕದಲ್ಲಿ ನೆನೆಸುತ್ತಾರೆ. ಪಾಕವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಗಟ್ಟಿ ಮಾಡಬೇಕು. ಮೊದಲ ದಿನವೇ ಗಟ್ಟಿ ಪಾಕಕ್ಕೆ ಹಾಕಿದರೆ ಸಕ್ಕರೆ ಒಳಹೋಗುವ ಮೊದಲೇ ಕಾಯಿಯ ನೀರು ಹೊರಬಂದು ಸುಕ್ಕಾಗುತ್ತದೆ. ಕವಳಿಯನ್ನೇ ಆರಿಸಲು ಕಾರಣ ಅದರ ಗಟ್ಟಿತನ, ಇಷ್ಟೆಲ್ಲ ಆದರೂ ಗುಂಡಗೆ ಉಳಿಯುತ್ತದೆ. ಆದರೆ ಕೊನೆಗೆ ಅದರಲ್ಲಿ ಕವಳಿಯ ರುಚಿ ಎಳ್ಳಷ್ಟೂ ಉಳಿದಿರುವುದಿಲ್ಲ, ಹೆಸರೂ ಉಳಿಯುವುದಿಲ್ಲ.

ಗೋವಾದಲ್ಲಿ ಇದರ ಸಂತೆ ಇನ್ನೂ ಜೀವಂತ. ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಮೇ ತಿಂಗಳಿಗೆ ಕಾಂಟಾಂ, ಚೂರ್ನಾಂ ಎನ್ನುವ ಬಿಳಿ ಮುಳ್ಳುಹಣ್ಣು, ನೇರಳೆ ಎಲ್ಲ ಪಕ್ಕಪಕ್ಕ ಕೂರುತ್ತವೆ. ವಾಸ್ಕೋ, ಮಾಪ್ಸಾದಲ್ಲಿ ಕೆಲಸಕ್ಕಿರುವ ಬೆಳಗಾವಿ, ಧಾರವಾಡ ಕಡೆಯವರು ‘ಅಕ್ಕಾ, ಕವಳಿಹಣ್ಣ ಎಷ್ಟಕ್ಕ ಕೊಟ್ಟಿ?’ ಎಂದು ಕೇಳಿದರೂ ಮಾರುವಾಕೆಗೆ ಅರ್ಥವಾಗುತ್ತದೆ, ಬೆರಳು ತೋರಿಸುವುದು ಕಪ್ಪು ಗುಡ್ಡೆಯ ಕಡೆಗೇ ಅಲ್ಲವೇ. ಆದರೆ ಹಣ್ಣು ಬರುತ್ತಿದ್ದ ಸಡಾಗಳ ಮೇಲೆ ಈಗ ಕಟ್ಟಡ ಏಳುತ್ತಿವೆ. ಮುರಕಲ್ಲಿನ ಬಯಲು ‘ಪಾಳು ಭೂಮಿ’ ಎಂಬ ಹೆಸರಲ್ಲಿ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಘಟ್ಟದ ಮೇಲೆ ಇನ್ನೊಂದು ಕಷ್ಟ, ಮರಾಠಿಯಲ್ಲಿ ವಣವಾ ಎನ್ನುವ ಕಾಳ್ಗಿಚ್ಚು. ಬರುವ ಮಳೆಗೆ ಹುಲ್ಲು ಚೆನ್ನಾಗಿ ಬರಲಿ ಎಂದು ಫೆಬ್ರವರಿ, ಮಾರ್ಚಿನಲ್ಲಿ ಒಣಹುಲ್ಲಿಗೆ ಬೆಂಕಿ ಇಡುತ್ತಾರೆ, ಅಜಾಗರೂಕತೆಯಿಂದ ಹತ್ತುವುದೂ ಉಂಟು. ಕವಳಿ ಹೂ, ಮಿಡಿ ಹಿಡಿಯುವ ಕಾಲ ಅದೇ. ಬೆಂದ ಪೊದೆ ಬುಡದಿಂದ ಮತ್ತೆ ಚಿಗುರುತ್ತದೆ, ಗಿಡ ಸಾಯುವುದಿಲ್ಲ. ಹೂ ಬರುವುದು ರೆಂಬೆಯ ತುದಿಯಲ್ಲಾದ್ದರಿಂದ ಆ ವರ್ಷದ ಹಣ್ಣು ಮಾತ್ರ ಇಲ್ಲ. ಹಾಗಾದ ವರ್ಷ ಲೋಕಲ್ ರೈಲಿನ ಬುಟ್ಟಿಯೂ ಖಾಲಿ.

ಕೀಳುವ ಹಕ್ಕಿನ ಮಾತೂ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲಿ ಬಾಳುವ ಸಮುದಾಯಗಳಿಗೆ ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸುವ, ಮಾರುವ ಹಕ್ಕು ಕೊಟ್ಟಿದೆ. ಆ ಹಕ್ಕು ವಾರಾಂತ್ಯಕ್ಕೆ ಬಂದುಹೋಗುವ ನಮ್ಮದಲ್ಲ. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಂಥ ಕಡೆ 1972ರ ವನ್ಯಜೀವಿ ಕಾಯ್ದೆಯಿದೆ, ಅಲ್ಲಿ ಹಣ್ಣಿಗೆ ಕೈ ಹಾಕುವಂತೆಯೇ ಇಲ್ಲ. ಬೇರೆ ಕಡೆಯೂ ದಾರಿಬದಿಯ ನಾಲ್ಕು ಹಣ್ಣು ಬಾಯಿಗೆ ಹಾಕಿಕೊಳ್ಳುವುದು ಒಂದು, ಚೀಲ ತುಂಬಿಕೊಳ್ಳುವುದು ಇನ್ನೊಂದು. ಪೊದೆಯ ನೆತ್ತಿಯ ಹಣ್ಣು ಹೇಗೂ ಕೈಗೆಟುಕದು. ಅದು ಪಿಕಳಾರಗಳ ಪಾಲು, ಬೀಜ ಬಿತ್ತುವವೂ ಅವೇ.

ಮೃಗಶಿರಾ ಮಳೆ ಹಿಡಿದರೆ ಕಾಲ ಮುಗಿಯಿತು. ನೀರು ಕುಡಿದ ಹಣ್ಣು ಸಪ್ಪೆಯಾಗಿ ಬಿರಿಯುತ್ತದೆ, ಹುಳು ಬೀಳುತ್ತದೆ. ತಿಂದು ಉಗಿದ ಬೀಜಕ್ಕೆ ಮಾತ್ರ ಕಾಲ ಕೂಡಿಬರುವುದು ಆಗಲೇ. ಮನೆಯ ಸುತ್ತ ಜಾಗವಿದ್ದವರು, ಪುಣೆಯಲ್ಲಿ ಬಿಸಿಲಿನ ತಾರಸಿ ಇದ್ದವರು ಆ ಬೀಜವನ್ನು ಕೂಡಲೇ ಹಾಕಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟು ದಸರೆಗೆ ಬಿತ್ತಿದರೆ ಬಹುತೇಕ ಹುಟ್ಟುವುದಿಲ್ಲ. ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಅರ್ಧ ಇಂಚು ಆಳಕ್ಕೆ. ದಪ್ಪ ಹಣ್ಣು ಬೇಕೆನ್ನುವವರಿಗೆ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ‘ಕೊಂಕಣ್ ಬೋಲ್ಡ್’ ತಳಿ ಇದೆ. ಬೇಲಿಗಾದರೆ ಎರಡರಿಂದ ಮೂರು ಅಡಿಗೊಂದು ಗಿಡ, ಕುಂಡವಾದರೆ 18 ಇಂಚಿನದು. ಬೇರೂರಿದ ಮೇಲೆ ನೀರಿನಲ್ಲಿ ಜಿಪುಣತನ ಮಾಡಿ, ದಿನಾ ನೀರುಂಡ ಕವಳಿ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ಕತ್ತರಿಸುವುದಿದ್ದರೆ ಹಣ್ಣು ಮುಗಿದ ಕೂಡಲೇ, ಜೂನ್ ತಿಂಗಳಲ್ಲಿ. ದೀಪಾವಳಿಗೆ ಅಂಗಳ ಚೊಕ್ಕಟ ಮಾಡುವಾಗ ಬೇಲಿಯನ್ನೂ ಸಮ ಕತ್ತರಿಸಿದರೆ ತುದಿಗಳ ಜತೆ ಆ ವರ್ಷದ ಹೂವೂ ಗೊಬ್ಬರದ ಗುಂಡಿಗೆ ಬೀಳುತ್ತದೆ.